ಏನೂ ಆಗಲ್ಲ, ಹೋಗಿ ಸಾರ್!



ಮಳೆಗಾಲದಲ್ಲಿ ನಮ್ಮ ರಸ್ತೆಗಳ ಮೇಲೆ ಅತಿ ಹೆಚ್ಚು ಕೇಳಿಬರುವ ಒಂದು ಮಾತಿದೆ. ಮುಂದೆ ನೀರು ನಿಂತಿದೆ. ಡ್ರೈವರ್ ಬ್ರೇಕ್ ಮೇಲೆ ಕಾಲಿಟ್ಟಿದ್ದಾನೆ. ಹಿಂದಿನ ಗಾಡಿಯವನು ಹಾರ್ನ್ ಹೊಡೀತಿದ್ದಾನೆ. ಆಗ ಪಕ್ಕದ ಸೀಟಿಂದಲೋ, ಹಿಂದಿನ ಸೀಟಿಂದಲೋ, ರಸ್ತೆ ಬದಿ ಅಂಗಡಿ ಸೂರಿನ ಕೆಳಗೆ ನಿಂತವರ ಬಾಯಿಂದಲೋ ಬರುತ್ತೆ ಆ ಮಾತು: "ಏನೂ ಆಗಲ್ಲ, ಹೋಗಿ ಸಾರ್!"

ಹೇಳಿದವರಿಗೆ ಕೆಟ್ಟ ಉದ್ದೇಶ ಇರಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸಲ ನಿಜವಾಗಿಯೂ ಏನೂ ಆಗಲ್ಲ. ಗಾಡಿ ಗುಡುಗುಡು ಅಂತ ಆ ಕಡೆ ದಡ ಸೇರುತ್ತೆ. ಎಲ್ಲರೂ ನಗ್ತಾರೆ. ಅಲ್ಲೇ ಇರೋದು ಸಮಸ್ಯೆ. ಆ ತೊಂಬತ್ತೊಂಬತ್ತು ಸಲ ಪಾಸಾದ ಅನುಭವವೇ ನೂರನೇ ಸಲ ನಮ್ಮನ್ನು ನೀರಿಗೆ ಇಳಿಸುತ್ತೆ.

2023ರ ಮೇ 21, ಭಾನುವಾರ. ನೆನಪಿದೆಯಲ್ವಾ? ಹಿಂದಿನ ದಿನವಷ್ಟೇ ಕಂಠೀರವ ಕ್ರೀಡಾಂಗಣದಲ್ಲಿ ಹೊಸ ಸರ್ಕಾರದ ಪ್ರಮಾಣವಚನ ಆಗಿತ್ತು. ಮಾರನೇ ದಿನ ಮಧ್ಯಾಹ್ನ ಬೆಂಗಳೂರಿನ ಮೇಲೆ ಗಾಳಿ, ಆಲಿಕಲ್ಲು ಸಮೇತ ಮಳೆ ಸುರಿಯಿತು. ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ನೀರು ತುಂಬಿತು. ಊರು ನೋಡಲು ಬಂದಿದ್ದ ಒಂದು ಕುಟುಂಬದ ಕಾರು ಆ ನೀರಿಗೆ ಇಳಿಯಿತು, ನಡುವೆ ನಿಂತುಹೋಯಿತು, ಮುಳುಗಿತು. ಉಳಿದವರನ್ನು ಹೊರಗೆಳೆದರು. 22 ವರ್ಷದ ಹೆಣ್ಣುಮಗಳೊಬ್ಬಳು ಬದುಕಲಿಲ್ಲ. ಸಾಫ್ಟ್‌ವೇರ್ ಇಂಜಿನಿಯರ್ ಆಗಿ ಈ ಊರಲ್ಲಿ ಕೆಲಸ ಮಾಡ್ತಿದ್ದ ಹುಡುಗಿ.

ಎಲ್ಲಿ ನಡೆದಿದ್ದು ಇದು? ಕಾಡಿನಲ್ಲಲ್ಲ, ಹೊಳೆ ದಂಡೆಯಲ್ಲಲ್ಲ. ವಿಧಾನಸೌಧದಿಂದ ನಡೆದು ಹೋಗುವಷ್ಟು ದೂರದಲ್ಲಿ. ಪಕ್ಕದಲ್ಲೇ ಯುವಿಸಿಇ ಇದೆ. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿದ ಇಂಜಿನಿಯರಿಂಗ್ ಕಾಲೇಜು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋದಾಗ, ಇನ್ನೊಮ್ಮೆ ಹಾಗಾಗದಂತೆ ಯೋಜನೆ ಮಾಡಿಕೊಡಿ ಅಂತ ನಿಜಾಮರ ಸರ್ಕಾರ ಕರೆಸಿದ್ದು ಅವರನ್ನೇ. ಅಂಥವರು ಕಟ್ಟಿದ ಕಾಲೇಜಿನ ಮಗ್ಗುಲಲ್ಲಿ, ಒಂದು ಮಧ್ಯಾಹ್ನದ ಮಳೆಗೆ, ರಸ್ತೆ ಮೇಲೆ ಒಬ್ಬ ಹುಡುಗಿ ಮುಳುಗಿ ಸಾಯ್ತಾಳೆ.

ಆಮೇಲೆ ಏನಾಯ್ತು? ಮಳೆಗೆ ಬ್ಯಾರಿಕೇಡ್ ಬಿದ್ದುಹೋಗಿತ್ತು, ಚಾಲಕ ಆ ಸಾಹಸಕ್ಕೆ ಇಳಿಯಬಾರದಿತ್ತು ಅಂತ ಮುಖ್ಯಮಂತ್ರಿಗಳು ಹೇಳಿದರು. 5 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯ್ತು. ಚಾಲಕನ ಬಂಧನವಾಯ್ತು. ಜನ ಎರಡು ಪಕ್ಷ ಆದರು. ಒಂದು ಪಕ್ಷ: ತಪ್ಪು ಪಾಲಿಕೆಯದ್ದು. ಇನ್ನೊಂದು ಪಕ್ಷ: ತಪ್ಪು ಡ್ರೈವರ್‌ದು. ರಾತ್ರಿಯೆಲ್ಲಾ ಚರ್ಚೆ.

ಎರಡೂ ಪಕ್ಷಕ್ಕೆ ನನ್ನದೊಂದೇ ಮಾತು. ತಪ್ಪು ಯಾರದ್ದು ಅನ್ನೋದನ್ನ ದಡದ ಮೇಲೆ ನಿಂತು ತೀರ್ಮಾನ ಮಾಡೋಣ. ನೀರಿಗೆ ಅದು ಗೊತ್ತಿಲ್ಲ. ನೀವು ತೆರಿಗೆ ಕಟ್ಟಿದ್ದೀರಾ, ಚರಂಡಿ ಹೂಳು ತೆಗೆಯಬೇಕಾದವನು ಬಿಲ್ ಮಾತ್ರ ತೆಗೆದನಾ, ಇದ್ಯಾವುದನ್ನೂ ನೀರು ಕೇಳಲ್ಲ. ಅದಕ್ಕೆ ಗೊತ್ತಿರೋದು ಎರಡೇ: ನಿಮ್ಮ ಗಾಡಿ ಎಷ್ಟು ಜಾಗ ಹಿಡಿದಿದೆ, ಎಷ್ಟು ತೂಕ ಇದೆ.

ನಾನು ಓದಿದ್ದು ಇಂಜಿನಿಯರಿಂಗ್. ಕೋಟು ಹಾಕಿಕೊಂಡು ಕ್ಯಾಮೆರಾ ಮುಂದೆ ಕೂತ ಮೇಲೆ ಆ ಪುಸ್ತಕಗಳು ಅಟ್ಟ ಸೇರಿವೆ. ಆದರೆ ಇವತ್ತು ಒಂದನ್ನ ಕೆಳಗಿಳಿಸೋಣ. ಹೈಸ್ಕೂಲಿನಲ್ಲಿ ನೀವೂ ಓದಿದ್ದೀರಿ, ಆರ್ಕಿಮಿಡೀಸ್ ತತ್ವ. ನೀರಿನಲ್ಲಿ ಮುಳುಗಿದ ವಸ್ತು ಎಷ್ಟು ನೀರನ್ನ ಪಕ್ಕಕ್ಕೆ ತಳ್ಳುತ್ತೋ, ಅಷ್ಟು ನೀರಿನ ತೂಕದ ಬಲ ಆ ವಸ್ತುವನ್ನ ಮೇಲಕ್ಕೆ ಎತ್ತುತ್ತೆ. ಒಂದು ಘನ ಮೀಟರ್ ನೀರು ಅಂದ್ರೆ 1000 ಕೆಜಿ.

ಈಗ ನಿಮ್ಮ ಮನೆ ಮುಂದಿರೋ ಸಣ್ಣ ಕಾರು ತಗೊಳ್ಳಿ. ತೂಕ ಸುಮಾರು 900 ಕೆಜಿ ಅಂತಿಟ್ಟುಕೊಳ್ಳೋಣ. ಚಕ್ರ, ಬಂಪರ್ ಇದ್ದ ಜಾಗ ಬಿಟ್ಟು, ಅದರ ತಳದ ವಿಸ್ತೀರ್ಣ ಅಂದಾಜು 5 ಚದರ ಮೀಟರ್. ತಳಕ್ಕೂ ರಸ್ತೆಗೂ ನಡುವೆ 17 ಸೆಂಟಿಮೀಟರ್ ಅಂತರ. ನೀರು ತಳ ಮುಟ್ಟಿತು. ಅಲ್ಲಿಂದ 10 ಸೆಂಟಿಮೀಟರ್ ಏರಿತು. ಕಾರನ್ನು ಮೇಲಕ್ಕೆತ್ತುವ ಬಲ ಎಷ್ಟು? 5 ಗುಣಿಸು 0.1, ಅರ್ಧ ಘನ ಮೀಟರ್. 500 ಕೆಜಿ! ಇನ್ನೊಂದು 10 ಸೆಂಟಿಮೀಟರ್ ಏರಿದರೆ 1000 ಕೆಜಿ. ಕಾರಿನ ತೂಕವೇ 900. ಕಾರು ತೇಲ್ತು.

ಒಟ್ಟು ನೀರಿನ ಆಳ ಎಷ್ಟಾಯ್ತು? ರಸ್ತೆಯಿಂದ 37 ಸೆಂಟಿಮೀಟರ್. ಒಂದೂಕಾಲು ಅಡಿ. ನಿಮ್ಮ ಮೊಣಕಾಲಿಗಿಂತ ಕೆಳಗೆ!

ಕಾರಿನೊಳಗೆ ನೀರು ನುಗ್ಗಿದರೆ ಈ ಲೆಕ್ಕ ಸ್ವಲ್ಪ ಬದಲಾಗುತ್ತೆ, ಒಪ್ಪಿದೆ. ಆದರೆ ನೀರು ಒಳಗೆ ನುಗ್ಗೋಕೆ ಸಮಯ ಬೇಕು. ಕಾರು ಕಾಲು ಕಳಕೊಳ್ಳೋಕೆ ಅಷ್ಟು ಸಮಯ ಬೇಕಿಲ್ಲ. ಪೂರ್ತಿ ತೇಲುವ ಮೊದಲೇ ಟೈರಿನ ಮೇಲಿನ ಭಾರ ಇಳಿಯುತ್ತಾ ಬರುತ್ತೆ. ಭಾರ ಇಳಿದರೆ ಹಿಡಿತ ಇಳಿಯಿತು. ಹಿಡಿತ ಇಳಿದರೆ ಸ್ಟಿಯರಿಂಗ್ ತಿರುಗಿಸಿಯೂ ಪ್ರಯೋಜನ ಇಲ್ಲ, ಬ್ರೇಕ್ ಒತ್ತಿಯೂ ಪ್ರಯೋಜನ ಇಲ್ಲ. ಆ ಕ್ಷಣದಿಂದ ಗಾಡಿ ಓಡಿಸ್ತಿರೋದು ನೀವಲ್ಲ, ನೀರು.

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಜನರಿಗೆ ಹೇಳುವ ಅಂಕಿಗಳೂ ಹೆಚ್ಚುಕಡಿಮೆ ಇವೇ. ಅರ್ಧ ಅಡಿ ನೀರಿಗೆ ಕಾರು ಹತೋಟಿ ತಪ್ಪಬಹುದು. ಒಂದು ಅಡಿಗೆ ಬಹಳಷ್ಟು ಕಾರುಗಳು ತೇಲುತ್ತವೆ. ಹರಿಯುವ ನೀರು ಎರಡು ಅಡಿ ಇದ್ದರೆ ದೊಡ್ಡ ಎಸ್‌ಯುವಿ, ಪಿಕಪ್ ಸಮೇತ ಕೊಚ್ಚಿಕೊಂಡು ಹೋಗುತ್ತೆ. ಆ ದೇಶದಲ್ಲಿ ಪ್ರವಾಹದಲ್ಲಿ ಮುಳುಗಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಾಹನವನ್ನು ನೀರಿಗೆ ಇಳಿಸಿದವರು. ಅದಕ್ಕೇ ಅಲ್ಲಿ ಒಂದು ಘೋಷಣೆ ಮಾಡಿದ್ದಾರೆ. ಕನ್ನಡದಲ್ಲಿ ಹೇಳೋದಾದ್ರೆ: ತಿರುಗಿ ಹೋಗಿ, ಮುಳುಗಿ ಹೋಗಬೇಡಿ.

"ನಮ್ಮದು ದೊಡ್ಡ ಗಾಡಿ ಬಿಡಿ, ಏನೂ ಆಗಲ್ಲ" ಅನ್ನೋರಿಗೆ ಒಂದು ಪ್ರಕರಣ. 2024ರ ಸೆಪ್ಟೆಂಬರ್ 13. ದೆಹಲಿ ಪಕ್ಕದ ಹಳೇ ಫರೀದಾಬಾದ್ ರೈಲ್ವೆ ಅಂಡರ್‌ಪಾಸ್. ಬ್ಯಾಂಕ್ ಕೆಲಸ ಮುಗಿಸಿ ಹೊರಟಿದ್ದ ಇಬ್ಬರು. ಒಬ್ಬರು ಮ್ಯಾನೇಜರ್, ಇನ್ನೊಬ್ಬರು ಕ್ಯಾಷಿಯರ್. ಅವರಿದ್ದದ್ದು ದೊಡ್ಡ ಎಸ್‌ಯುವಿಯಲ್ಲೇ. ಇಬ್ಬರೂ ಮನೆ ಸೇರಲಿಲ್ಲ. ಅದಕ್ಕೂ ಮುಂಚೆ, 2020ರ ಜುಲೈ 19ರಂದು, ದೆಹಲಿಯ ಮಿಂಟೋ ಬ್ರಿಡ್ಜ್ ಕೆಳಗೆ ಪಿಕಪ್ ವಾಹನದ ಚಾಲಕ ಮುಳುಗಿ ಸತ್ತ. ಅದೇ ನೀರಿನಲ್ಲಿ ಒಂದು ಇಡೀ ಬಸ್ಸು ಮುಳುಗಿ ನಿಂತಿತ್ತು.

ಹಾಗಾದ್ರೆ ಬೇರೆ ದೇಶಗಳಲ್ಲಿ ಹೀಗಾಗಲ್ವಾ? ಆಗುತ್ತೆ. 2023ರ ಜುಲೈ 15, ದಕ್ಷಿಣ ಕೊರಿಯಾದ ಓಸೊಂಗ್. ನದಿ ಏರಿ ಒಡೆದು ಅಂಡರ್‌ಪಾಸ್‌ಗೆ ನೀರು ನುಗ್ಗಿತು. 14 ಜನ ಸತ್ತರು. ಅಪಾಯ ಇದೆ ಅಂತ ಮೊದಲೇ ಎಚ್ಚರಿಕೆ ಬಂದಿದ್ದರೂ ರಸ್ತೆ ಮುಚ್ಚಿರಲಿಲ್ಲ. ನಮಗಿಂತ ಶಿಸ್ತಿನ ದೇಶ, ನಮಗಿಂತ ಒಳ್ಳೆ ರಸ್ತೆ. ಆದರೂ ಆಯ್ತು. ಅಂಡರ್‌ಪಾಸ್ ಅನ್ನೋದು ಎಲ್ಲೇ ಇರಲಿ, ಮಳೆ ಬಂದಾಗ ಅದು ಸುತ್ತಲಿನ ರಸ್ತೆಗಳ ಬಟ್ಟಲು.

ಆ ಬಟ್ಟಲಿನ ಲೆಕ್ಕವನ್ನೂ ಮಾಡಿಬಿಡೋಣ. ಅಂಡರ್‌ಪಾಸ್ ಕಡೆಗೆ ಇಳಿಜಾರಾಗಿರುವ ಸುತ್ತಲಿನ ಕಾಂಕ್ರೀಟು, ಡಾಂಬರು ಜಾಗ ಒಂದು ಹೆಕ್ಟೇರ್, ಅಂದ್ರೆ ಎರಡೂವರೆ ಎಕರೆ ಅಂತಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಂತು. ಎಷ್ಟು ನೀರು? 5 ಲಕ್ಷ ಲೀಟರ್! 6 ಸಾವಿರ ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ 80ಕ್ಕೂ ಹೆಚ್ಚು ಟ್ಯಾಂಕರ್ ನೀರನ್ನ ಒಂದೇ ಗಂಟೆಯಲ್ಲಿ ತಂದು ಒಂದೇ ಗುಂಡಿಗೆ ಸುರಿದ ಹಾಗೆ. ಹೊರಗೆ ಹೋಗೋಕೆ ಇರೋದು ಕಬ್ಬಿಣದ ಜಾಲರಿ. ಆ ಜಾಲರಿ ಮೇಲೆ ಗಾಳಿಗೆ ಉದುರಿದ ಎಲೆ, ಅದರ ಮೇಲೆ ಒಂದು ಪ್ಲಾಸ್ಟಿಕ್ ಕವರ್. ಪಂಪ್ ಇದೆಯಲ್ಲ ಅಂತೀರಾ? ಪಂಪಿಗೆ ಕರೆಂಟ್ ಬೇಕು. ಜೋರು ಮಳೆ ಬಂದಾಗ ನಮ್ಮಲ್ಲಿ ಮೊದಲು ಹೋಗೋದೇ ಕರೆಂಟು.

ಇನ್ನೂ ಒಂದು ವಿಷಯ. ನಮ್ಮ ಬೆಂಗಳೂರು ದಿಣ್ಣೆ ಮೇಲಿನ ಊರು. ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರ. ದೊಡ್ಡ ನದಿ ಊರೊಳಗೆ ಹರಿಯಲ್ಲ. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು, ಒಂದು ಕೆರೆ ತುಂಬಿ ಇನ್ನೊಂದಕ್ಕೆ ಕೋಡಿ ಹರಿಯೋ ಹಾಗೆ ರಾಜಕಾಲುವೆ ಇಟ್ಟರು. ಆ ಧರ್ಮಾಂಬುಧಿ ಕೆರೆ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಇವತ್ತು ಕಂಠೀರವ ಕ್ರೀಡಾಂಗಣ. ನಾವು ಹೆಸರು ಬದಲಾಯಿಸಿದ್ದೀವಿ, ಇಳಿಜಾರು ಬದಲಾಗಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಕೋಟಿ ಬೆಲೆಯ ಮನೆಗಳವರು ಟ್ರ್ಯಾಕ್ಟರ್ ಹತ್ತಿ ಹೊರಬಂದಿದ್ದನ್ನ ಇಡೀ ದೇಶ ನೋಡಿತು. ನೀರು ತನ್ನ ಹಳೇ ವಿಳಾಸಕ್ಕೇ ಬಂದಿತ್ತು.

ಈಗ ದ್ವಿಚಕ್ರ ವಾಹನದವರಿಗೆ. ಕಾರು ತೇಲೋ ಕಥೆ ನಮಗ್ಯಾಕೆ ಅಂದ್ಕೊಂಡು ಚಾನೆಲ್ ಬದಲಾಯಿಸಬೇಡಿ. ನಿಮಗಿರೋ ಅಪಾಯ ಬೇರೆ. ಮೊದಲನೇದು, ನೀರಿನ ಕೆಳಗೆ ಗುಂಡಿ ಇದೆಯೋ, ಮುಚ್ಚಳ ಕಿತ್ತ ಮ್ಯಾನ್‌ಹೋಲ್ ಇದೆಯೋ ಕಾಣಲ್ಲ. 2017ರ ಆಗಸ್ಟ್ 29ರಂದು ಮುಂಬೈನಲ್ಲಿ ಹೆಸರಾಂತ ವೈದ್ಯರೊಬ್ಬರು ಕಾರು ಮುಂದೆ ಹೋಗಲ್ಲ ಅಂತ ಇಳಿದು, ಮನೆ ಕಡೆ ನಡೆದು ಹೊರಟರು. ನೀರಿನಡಿ ತೆರೆದಿದ್ದ ಮ್ಯಾನ್‌ಹೋಲ್‌ಗೆ ಬಿದ್ದರು. ಎರಡು ದಿನ ಆದ ಮೇಲೆ ಶವ ವರ್ಲಿಯಲ್ಲಿ ಸಿಕ್ಕಿತು.

ಎರಡನೇದು, ವಿದ್ಯುತ್. 2022ರ ಸೆಪ್ಟೆಂಬರ್ 5ರ ರಾತ್ರಿ, ನಮ್ಮ ವೈಟ್‌ಫೀಲ್ಡ್ ಕಡೆ, 23 ವರ್ಷದ ಯುವತಿ ಕೆಲಸ ಮುಗಿಸಿ ಸ್ಕೂಟರ್‌ನಲ್ಲಿ ಮನೆಗೆ ಹೊರಟಿದ್ದರು. ನಿಂತ ನೀರಿನಲ್ಲಿ ಸ್ಕೂಟರ್ ಕೈಕೊಟ್ಟಿತು. ಬೀಳದಿರಲಿ ಅಂತ ಪಕ್ಕದ ವಿದ್ಯುತ್ ಕಂಬ ಹಿಡಿದರು. ಅಷ್ಟೇ. ಜಾರುವಾಗ ಕೈಗೆ ಸಿಕ್ಕಿದ್ದನ್ನ ಹಿಡ್ಕೊಳ್ಳೋದು ಮನುಷ್ಯನ ಸ್ವಭಾವ. ಆ ಸ್ವಭಾವವನ್ನೇ ಮಳೆಯಲ್ಲಿ ಮೀರಬೇಕು. ಕಂಬ, ಟ್ರಾನ್ಸ್‌ಫಾರ್ಮರ್ ಬೇಲಿ, ಬೀದಿ ದೀಪದ ಪೆಟ್ಟಿಗೆ, ತೂಗಾಡುವ ಯಾವುದೇ ವೈರು, ಇವುಗಳ ಹತ್ತಿರ ಹೋಗಬೇಡಿ. ಗಾಡಿ ಬಿದ್ದರೆ ಬೀಳಲಿ.

"ಬಸ್ಸು ಹೋಯ್ತಲ್ಲ ಸಾರ್, ನಾವೂ ಅದರ ಹಿಂದೇನೇ ಹೋಗ್ಬಿಡೋಣ." ಇದು ಇನ್ನೊಂದು ಪ್ರಸಿದ್ಧ ವಾದ. ಬಸ್ಸಿನ ತೂಕ ಹತ್ತು ಟನ್ ಆಸುಪಾಸು. ಅದರ ಚಕ್ರವೇ ನಿಮ್ಮ ಬಾನೆಟ್ ಎತ್ತರಕ್ಕೆ ಬರುತ್ತೆ. ಅದು ಹೋದಾಗ ನೀರನ್ನ ಅಲೆ ಮಾಡಿ ಎರಡೂ ಕಡೆ ತಳ್ಳುತ್ತೆ. ಅಲೆ ವಾಪಸ್ ಬಂದಾಗ ನೀವು ನೋಡಿದ್ದ ಒಂದಡಿ ನೀರು ಕ್ಷಣಕಾಲ ಎರಡಡಿ ಆಗಿರುತ್ತೆ. ಅಷ್ಟು ಸಾಕು, ಇಂಜಿನ್ ಗಾಳಿ ಎಳೆದುಕೊಳ್ಳೋ ಬಾಯಿಗೆ ನೀರು ಹೋಗೋಕೆ.

ಹೋದರೆ ಏನಾಗುತ್ತೆ? ಪಿಸ್ಟನ್ನಿನ ಕೆಲಸ ಗಾಳಿಯನ್ನ ಒತ್ತೋದು. ಗಾಳಿ ಕುಗ್ಗುತ್ತೆ, ನೀರು ಕುಗ್ಗಲ್ಲ. ಮೇಲೆ ಬರ್ತಿರೋ ಪಿಸ್ಟನ್ ನೀರಿಗೆ ಡಿಕ್ಕಿ ಹೊಡೆದು ಕನೆಕ್ಟಿಂಗ್ ರಾಡ್ ಬಾಗುತ್ತೆ. ಇಂಜಿನ್ ಲಾಕ್. ಗಾಬರಿಯಲ್ಲಿ ನಾವು ಮತ್ತೆ ಮತ್ತೆ ಸೆಲ್ಫ್ ಹೊಡೀತೀವಿ, ಉಳಿದಿದ್ದೂ ಹಾಳಾಗುತ್ತೆ. ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿರೋರು ಇವತ್ತೇ ಪಾಲಿಸಿ ಕಾಗದ ತೆಗೆದು ನೋಡಿ. ಇಂಜಿನ್ ರಕ್ಷಣೆಗೆ ಪ್ರತ್ಯೇಕ ಆಡ್-ಆನ್ ತಗೊಂಡಿಲ್ಲದಿದ್ದರೆ, ನೀರು ನುಗ್ಗಿ ಹಾಳಾದ ಇಂಜಿನ್‌ಗೆ ದುಡ್ಡು ಸಿಗೋದು ಕಷ್ಟ. ಎಲೆಕ್ಟ್ರಿಕ್ ಕಾರಿಗೆ ಈ ಪಿಸ್ಟನ್ ತಲೆನೋವಿಲ್ಲ. ಆದರೆ ಆರ್ಕಿಮಿಡೀಸ್ ಪೆಟ್ರೋಲ್, ಬ್ಯಾಟರಿ ಅಂತ ಭೇದ ಮಾಡಲ್ಲ. ತೇಲೋದು ಅದೂ ತೇಲುತ್ತೆ.

ಎಲ್ಲಾ ಮೀರಿ ಗಾಡಿ ನೀರಲ್ಲಿ ನಿಂತೇಬಿಟ್ಟಿತು ಅಂದ್ಕೊಳ್ಳಿ. ಈಗ ನಾನು ಹೇಳೋದನ್ನ ಮನೆಯವರನ್ನೂ ಕರೆದು ಕೇಳಿಸಿ.

ಬಾಗಿಲ ಹೊರಗೆ ನೀರು ಅರ್ಧ ಮೀಟರ್ ಏರಿದರೆ, ಒಂದು ಮೀಟರ್ ಅಗಲದ ಬಾಗಿಲ ಮೇಲೆ ಬೀಳುವ ಬಲ ಸುಮಾರು 125 ಕೆಜಿ ತೂಕಕ್ಕೆ ಸಮ. ಅದೇ ನೀರು ಒಂದು ಮೀಟರ್ ಆದರೆ? 250 ಅಲ್ಲ, 500 ಕೆಜಿ. ಆಳ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಅಂದ್ರೆ ಪ್ರತಿ ನಿಮಿಷ ಕಾದಷ್ಟೂ ಬಾಗಿಲು ತೆರೆಯೋದು ಅಸಾಧ್ಯ ಆಗ್ತಾ ಹೋಗುತ್ತೆ. ಆದ್ದರಿಂದ ಫೋನ್ ಹುಡುಕಬೇಡಿ, ಲ್ಯಾಪ್‌ಟಾಪ್ ಬ್ಯಾಗ್ ಹುಡುಕಬೇಡಿ, ಟೋಯಿಂಗ್ ಗಾಡಿಗೆ ಕಾಯಬೇಡಿ. ಮೊದಲು ಸೀಟ್ ಬೆಲ್ಟ್ ಬಿಚ್ಚಿ. ತಕ್ಷಣ ಕಿಟಕಿ ಇಳಿಸಿ. ನೀರು ನುಗ್ಗಿದ ಮೇಲೂ ಪವರ್ ವಿಂಡೋ ಸ್ವಲ್ಪ ಹೊತ್ತು ಕೆಲಸ ಮಾಡಬಹುದು, ಆಮೇಲೆ ಮಾಡದೇನೂ ಇರಬಹುದು. ಆ ಸ್ವಲ್ಪ ಹೊತ್ತೇ ನಿಮ್ಮ ಆಯುಸ್ಸು. ಮಕ್ಕಳನ್ನ ಮೊದಲು ಹೊರಗೆ ಕಳಿಸಿ, ಹಿಂದೆಯೇ ನೀವು. ನೀರಿನ ಸೆಳೆತ ಇದ್ದರೆ ಕಾರಿನ ಮೇಲ್ಛಾವಣಿ ಹತ್ತಿ. ಹೊರಗೆ ಬಂದ ಮೇಲೆ 112ಕ್ಕೆ ಕರೆ ಮಾಡಿ.

ಕಿಟಕಿ ಇಳಿಯಲಿಲ್ಲವೇ? ಪಕ್ಕದ ಗಾಜು ಒಡೆಯಬೇಕು, ಮುಂದಿನದ್ದಲ್ಲ. ಮುಂದಿನ ಗಾಜಿನಲ್ಲಿ ನಡುವೆ ಪದರ ಇರುತ್ತೆ, ಬಿರುಕು ಬಿಡುತ್ತೆ, ಬಿದ್ದುಹೋಗಲ್ಲ. ಪಕ್ಕದ ಗಾಜಿನ ಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆಯಬೇಕು. ಹೆಡ್‌ರೆಸ್ಟ್ ಕಿತ್ತು ಒಡೆಯಿರಿ ಅನ್ನೋ ವಿಡಿಯೋ ವಾಟ್ಸಾಪ್‌ನಲ್ಲಿ ಎಲ್ಲರಿಗೂ ಬಂದಿರುತ್ತೆ. ಹೆಡ್‌ರೆಸ್ಟ್ ಇರೋದು ನಿಮ್ಮ ಕತ್ತು ಕಾಯೋಕೆ. ಬೇರೇನೂ ಸಿಗದಿದ್ದರೆ ಪ್ರಯತ್ನಿಸಿ. ಆದರೆ ಗಾಜು ಒಡೆಯೋ ಪುಟ್ಟ ಸುತ್ತಿಗೆ ಮಾರ್ಕೆಟ್‌ನಲ್ಲಿ ಸಿಗುತ್ತೆ, ಒಂದು ಹೊತ್ತಿನ ಹೋಟೆಲ್ ಊಟದ ಬೆಲೆ. ತಂದು ಡ್ರೈವರ್ ಕೈಗೆಟುಕೋ ಕಡೆ ಇಡಿ. ಡಿಕ್ಕಿಯಲ್ಲಿ ಇಟ್ಟರೆ ಅದೂ ನಿಮ್ಮ ಜೊತೆ ಮುಳುಗುತ್ತೆ.

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕೆಲವರು ಸತ್ತಿದ್ದು ರಸ್ತೆ ಮೇಲೆ, ತಮ್ಮದೇ ಕಾರಿನೊಳಗೆ ಸಿಕ್ಕಿಹಾಕಿಕೊಂಡು. ಹೊರಗೆ ಮಳೆ, ಒಳಗೆ ಇದ್ದರೇ ಕ್ಷೇಮ ಅಂತ ನಮ್ಮ ಮನಸ್ಸು ಹೇಳುತ್ತೆ. ನೀರು ಏರ್ತಿರುವಾಗ ಆ ಮಾತು ಕೇಳಬಾರದು.

ಇದು ಬೆಂಗಳೂರಿನವರ ಗೋಳು ಮಾತ್ರ ಅಂದ್ಕೋಬೇಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರಿನ ವೀಕ್ಷಕರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಚಿಕ್ಕೋಡಿ ಕಡೆ ಕಲ್ಲೋಳ-ಯಡೂರ ಸೇತುವೆ ಮುಳುಗಿತು ಅನ್ನೋದು ಪ್ರತಿ ಮುಂಗಾರಿನ ಸುದ್ದಿ. ಅಲ್ಲಿ ನಿಂತ ನೀರಲ್ಲ, ಹರಿಯೋ ನೀರು. ಹರಿವಿನ ವೇಗ ಎರಡು ಪಟ್ಟಾದರೆ ಅದು ಗಾಡಿಯನ್ನ ಪಕ್ಕಕ್ಕೆ ತಳ್ಳುವ ಬಲ ನಾಲ್ಕು ಪಟ್ಟು. ಸೇತುವೆಗೆ ತಡೆಗೋಡೆ ಇಲ್ಲದಿದ್ದರೆ ಟ್ರ್ಯಾಕ್ಟರ್ ಕೂಡ ಆಟಿಕೆ.

2019ರ ಆಗಸ್ಟ್‌ನಲ್ಲಿ ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಒಂದು ದೃಶ್ಯ ಇಡೀ ದೇಶ ನೋಡಿತು. ಕೃಷ್ಣೆ ಉಕ್ಕಿ ಸೇತುವೆ ಮುಳುಗಿದೆ. ಆಂಬುಲೆನ್ಸ್ ಬಂದು ನಿಂತಿದೆ. ರಸ್ತೆ ಎಲ್ಲಿ, ಹೊಳೆ ಎಲ್ಲಿ ಗೊತ್ತಾಗ್ತಿಲ್ಲ. ಒಬ್ಬ ಶಾಲಾ ಹುಡುಗ ಸೊಂಟದುದ್ದ ನೀರಲ್ಲಿ ಬೀಳ್ತಾ ಏಳ್ತಾ ಮುಂದೆ ಓಡಿ ದಾರಿ ತೋರಿಸ್ತಾನೆ. ಆಂಬುಲೆನ್ಸ್ ದಾಟುತ್ತೆ. ಆ ಹುಡುಗನಿಗೆ ಪ್ರಶಸ್ತಿ ಬಂತು, ಬರಲೇಬೇಕಿತ್ತು. ಆ ಧೈರ್ಯಕ್ಕೆ ಇವತ್ತೂ ಕೈಮುಗಿಯುತ್ತೇನೆ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ನೀರಿನ ಆಳ ತೋರಿಸೋಕೆ ಬೇಕಿದ್ದದ್ದು ಸೇತುವೆಯ ಎರಡೂ ಬದಿ ಬಣ್ಣ ಬಳಿದ ಕಂಬ. ಆ ಕಂಬದ ಕೆಲಸವನ್ನ ಒಬ್ಬ ಪುಟ್ಟ ಹುಡುಗನ ಸೊಂಟ ಮಾಡಬೇಕಾಯ್ತು. ಧೈರ್ಯಕ್ಕೆ ಪದಕ ಕೊಡೋ ಸರ್ಕಾರ ಕಂಬಕ್ಕೂ ನಾಲ್ಕು ಕಾಸು ಕೊಡಬೇಕು ತಾನೇ?

ಅದಕ್ಕೇ ನನ್ನ ಆಗ್ರಹ ಬಹಳ ಸರಳ. ಪ್ರತಿ ಅಂಡರ್‌ಪಾಸ್‌ನ ಗೋಡೆ ಮೇಲೆ, ಪ್ರತಿ ತಗ್ಗು ಸೇತುವೆಯ ಪಕ್ಕದಲ್ಲಿ, ಒಂದಡಿ ಮಟ್ಟಕ್ಕೆ ಕತ್ತಲಲ್ಲೂ ಹೊಳೆಯುವ ಕೆಂಪು ಪಟ್ಟಿ ಇರಬೇಕು. ಪಟ್ಟಿ ಮುಳುಗಿತೋ, ದಾರಿ ಬಂದ್. ಗಾಳಿಗೆ ಬೀಳೋ ಬ್ಯಾರಿಕೇಡ್ ಬೇಡ, ನೆಲಕ್ಕೆ ಬಿಗಿದ ಗೇಟು ಬೇಕು. ಮಳೆ ಶುರುವಾದಾಗ ಆ ಗೇಟು ಹಾಕುವ ಮನುಷ್ಯ ಯಾರು ಅನ್ನೋದು ಒಂದು ಹೆಸರಾಗಿ, ಒಂದು ಫೋನ್ ನಂಬರ್ ಆಗಿ ಅಲ್ಲೇ ಬರೆದಿರಬೇಕು. ನಿಮ್ಮ ಏರಿಯಾದ ಅಂಡರ್‌ಪಾಸ್‌ನಲ್ಲಿ ಇದು ಇದೆಯಾ ನೋಡಿ. ಇಲ್ಲ ಅಂದ್ರೆ ಮಳೆ ಬರೋ ಮುಂಚೆ ಕೇಳಿ. ಬಂದ ಮೇಲೆ ಕೇಳಿದರೆ ಉತ್ತರ ಪರಿಹಾರದ ಚೆಕ್ ರೂಪದಲ್ಲಿ ಬರುತ್ತೆ.

ಕೊನೆಯದಾಗಿ, ನನಗೆ ಅತಿ ಮುಖ್ಯ ಅನ್ನಿಸೋ ಮಾತು. ನೀರಿನ ಮುಂದೆ ನಿಂತಾಗ ಗಾಡಿ ತಿರುಗಿಸೋ ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಥರ ಇಲ್ಲ. ಸ್ವಂತ ಕಾರಿನವರು ತಿರುಗಿಸಬಹುದು. ಕ್ಯಾಬ್ ಓಡಿಸೋ ಅಣ್ಣನಿಗೆ ಹಿಂದೆ ಕೂತವರ ರೇಟಿಂಗ್ ಭಯ. ಊಟ ತಲುಪಿಸೋ ಹುಡುಗನಿಗೆ ಆ್ಯಪ್‌ನಲ್ಲಿ ಓಡ್ತಿರೋ ನಿಮಿಷಗಳ ಭಯ. ಸ್ಕೂಟರ್‌ನಲ್ಲಿ ಹೊರಟ ಹೆಣ್ಣುಮಗಳಿಗೆ ಲಾಗಿನ್ ತಡವಾದರೆ ಮ್ಯಾನೇಜರ್ ಏನಂತಾರೋ ಅನ್ನೋ ಭಯ. ಅವರ್ಯಾರಿಗೂ ನೀರು ಕಾಣಲ್ಲ ಅಂತಲ್ಲ. ಕಾಣುತ್ತೆ. ನೀರಿಗಿಂತ ಆ ಭಯ ಹತ್ತಿರದಲ್ಲಿರುತ್ತೆ, ಅಷ್ಟೇ. ಕೆ.ಆರ್. ಸರ್ಕಲ್‌ನಲ್ಲಿ ಚಾಲಕನನ್ನ ಬಂಧಿಸಿದ್ದು ಕಾನೂನಿನ ಪ್ರಕಾರ ಸರಿ ಇರಬಹುದು. ಆದರೆ ಇಂಥ ಎಷ್ಟೋ ಗಾಡಿಗಳಲ್ಲಿ ಬ್ರೇಕ್ ಮೇಲೆ ಕಾಲು ಡ್ರೈವರ್‌ದು, ಆಕ್ಸಿಲರೇಟರ್ ಮೇಲಿನ ಒತ್ತಡ ನಮ್ಮದು.

ಆದ್ದರಿಂದ ಮಳೆ ಬಂದ ದಿನ ಮೂರು ಕೆಲಸ ಮಾಡಿ. ಕ್ಯಾಬ್‌ನಲ್ಲಿದ್ದರೆ ನೀವೇ ಬಾಯಿಬಿಟ್ಟು ಹೇಳಿ: "ಅಣ್ಣಾ, ನಿಲ್ಲಿಸಿ, ಅವಸರ ಏನಿಲ್ಲ. ಸುತ್ತಿಕೊಂಡು ಹೋಗೋಣ, ಕಾದರೂ ಪರವಾಗಿಲ್ಲ." ಆ ಎರಡು ಮಾತು ಅವನಿಗೆ ದೊಡ್ಡ ಬಿಡುಗಡೆ. ಗುಡುಗುವಾಗ ಬಿಸಿ ಬಜ್ಜಿ ತಿನ್ನೋ ಆಸೆ ಯಾರಿಗಿಲ್ಲ? ಆದರೆ ಅದನ್ನ ಆರ್ಡರ್ ಮಾಡೋ ಮುಂಚೆ ಕಿಟಕಿ ಹೊರಗೆ ಒಮ್ಮೆ ನೋಡಿ. ಮತ್ತೆ ನೀವು ಹತ್ತು ಜನರ ಮೇಲೆ ಮ್ಯಾನೇಜರ್ ಆಗಿದ್ದರೆ, ಮಳೆ ಶುರುವಾದ ಕೂಡಲೇ ಗ್ರೂಪ್‌ಗೆ ಒಂದು ಸಾಲು ಹಾಕಿ: ಇವತ್ತು ತಡವಾದರೆ ಪರವಾಗಿಲ್ಲ, ಇದ್ದಲ್ಲೇ ಇರಿ.

ನಮ್ಮ ವೀಕ್ಷಕರಿಗೊಂದು ವಿಶೇಷ ವಿನಂತಿ. ಜೋರು ಮಳೆ ಬಂದಾಗಲೆಲ್ಲ ನಮ್ಮ ನ್ಯೂಸ್‌ರೂಮ್‌ಗೆ ನೀವು ವಿಡಿಯೋ ಕಳಿಸ್ತೀರಿ. ಅದರಿಂದಲೇ ಎಷ್ಟೋ ಕಡೆಯ ಸಮಸ್ಯೆ ಸುದ್ದಿಯಾಗುತ್ತೆ, ಅದಕ್ಕೆ ಧನ್ಯವಾದ. ಆದರೆ ಒಂದು ಕೈಯಲ್ಲಿ ಸ್ಟಿಯರಿಂಗ್, ಒಂದು ಕೈಯಲ್ಲಿ ಫೋನ್ ಹಿಡಿದು ನೀರೊಳಗಿಂದ ತೆಗೆದ ವಿಡಿಯೋ ದಯವಿಟ್ಟು ಬೇಡ. ದಡದಿಂದ ತೆಗೆದಿದ್ದು ಕಳಿಸಿ. ಯಾವ ದೃಶ್ಯಕ್ಕೂ, ಯಾವ ಬ್ರೇಕಿಂಗ್ ನ್ಯೂಸ್‌ಗೂ ನಿಮ್ಮ ಪ್ರಾಣದ ಬೆಲೆ ಇಲ್ಲ. ಕಂಬದಲ್ಲಿ ಕಿಡಿ ಕಂಡರೆ, ತಂತಿ ಹರಿದು ಬಿದ್ದಿದ್ದು ಕಂಡರೆ ನಮಗೆ ಕಳಿಸೋ ಮುಂಚೆ ಬೆಸ್ಕಾಂನ 1912ಕ್ಕೆ ಹೇಳಿ.

ನಮ್ಮ ಮಳೆ ಸಾಮಾನ್ಯವಾಗಿ ಒಂದೆರಡು ಗಂಟೆ ಜೋರಾಗಿ ಹೊಡೆದು ಸುಸ್ತಾಗುತ್ತೆ. ಅಂಡರ್‌ಪಾಸ್ ನೀರು ಇನ್ನೆರಡು ಗಂಟೆಗೆ ಇಳಿಯುತ್ತೆ. ಒಟ್ಟು ನಾಲ್ಕು ಗಂಟೆ ತಡ. ಮನೆಯಲ್ಲಿ ಕಾಯ್ತಿರೋರು ಎರಡು ಮಾತು ಬೈಯಬಹುದು, ಸಾರು ತಣ್ಣಗಾಗಿರಬಹುದು. ಬೈಸಿಕೊಳ್ಳೋಕಾದರೂ ನೀವು ಮನೆ ಸೇರಬೇಕಲ್ಲ?

ಮುಂದಿನ ಸಲ ಯಾರಾದರೂ "ಏನೂ ಆಗಲ್ಲ, ಹೋಗಿ ಸಾರ್" ಅಂದಾಗ ಒಂದೇ ಪ್ರಶ್ನೆ ಕೇಳಿ: "ನೀವು ಮುಂದೆ ನಡ್ಕೊಂಡು ಹೋಗ್ತೀರಾ?" ಉತ್ತರ ಬರೋದರೊಳಗೆ ಗಾಡಿ ತಿರುಗಿಸಿ.

ಜೋಪಾನ. ನಮಸ್ಕಾರ.